ಆರನೆಯ ಕಿಟಕಿ

ಹಳೆಯ ಕಟ್ಟಡದಿಂದ ಹೊಸ ಕಟ್ಟಡಕ್ಕೆ ಹೋಗುವ ಕಾರಿಡಾರಿಗೆ ಹತ್ತೊಂಬತ್ತು ಕಿಟಕಿಗಳು. ಆಸ್ಪತ್ರೆ ಕಟ್ಟಿಸಿದವರಿಗೂ ಈ ಲೆಕ್ಕ ಗೊತ್ತಿರಲಿಕ್ಕಿಲ್ಲ. ಗಾಲಿಯಕ್ಕನಿಗೆ ಗೊತ್ತಿತ್ತು. ಇಪ್ಪತ್ತೆರಡು ವರ್ಷ ಆ ಕಿಟಕಿಗಳ ಪಕ್ಕದಲ್ಲಿ ರೋಗಿಗಳನ್ನು ತಳ್ಳಿಕೊಂಡು ಓಡಾಡಿದವಳು ಅವಳು. ಆದರೆ ಎಣಿಸಲು ಶುರುಮಾಡಿದ್ದು ಹೋದ ವರ್ಷ. ಓಡುವವರು ಕಿಟಕಿ ಎಣಿಸುವುದಿಲ್ಲ, ನಿಲ್ಲಬೇಕಾದವರು ಎಣಿಸುತ್ತಾರೆ.

ಮೊದಮೊದಲು ಹದಿನಾಲ್ಕನೆಯ ಕಿಟಕಿಯ ಹತ್ತಿರ ಎಡಗಾಲಿನ ಮೀನಖಂಡ ಹಿಡಿದುಕೊಳ್ಳುತ್ತಿತ್ತು, ಒಳಗೆ ಯಾರೋ ಕೂತು ಒದ್ದೆ ಬಟ್ಟೆ ಹಿಂಡಿದ ಹಾಗೆ. ಎರಡು ನಿಮಿಷ ನಿಂತರೆ ಬಂದ ನೋವು ಬಂದ ದಾರಿಯಲ್ಲೇ ಹೊರಟುಹೋಗುತ್ತಿತ್ತು. ಕೆಲವು ತಿಂಗಳಲ್ಲಿ ಹದಿನಾಲ್ಕು ಹತ್ತಾಯಿತು. ಈಗ ಆರು. ಐದು ಕಿಟಕಿ ದಾಟುವವರೆಗೆ ಅವಳು ಮನುಷ್ಯಳು, ಆರನೆಯದರ ಹತ್ತಿರ ಕಲ್ಲುಕಂಬ.

ಕಲ್ಲುಕಂಬವಾಗುವುದಕ್ಕೂ ಅಲ್ಲಿ ನೆಪ ಬೇಕಿತ್ತು. ಆಸ್ಪತ್ರೆಯೆಂದರೆ ದಣಿದವರ ಮನೆ, ಅಲ್ಲಿ ದಣಿಯುವ ಹಕ್ಕಿಲ್ಲದವರು ಕೆಲಸದವರು ಮಾತ್ರ. ಆದ್ದರಿಂದ ಅವಳು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡುತ್ತಿದ್ದಳು. ಸ್ಟ್ರೆಚರಿನ ಮೇಲಿದ್ದ ರೋಗಿಯ ಹೊದಿಕೆ ಎಳೆದು ಹೊದಿಸುತ್ತಿದ್ದಳು, ರೋಗಿ "ಸೆಕೆ ಆಗ್ತಿದೆ ತಾಯಿ" ಎಂದರೂ ಹೊದಿಸುತ್ತಿದ್ದಳು. ಗೋಡೆಗೆ ಅಂಟಿಸಿದ್ದ ಕೈ ತೊಳೆಯುವ ವಿಧಾನವನ್ನು ಓದುತ್ತಿದ್ದಳು. ದಿನಕ್ಕೆ ಹದಿನೈದು ಸಲ ಓದಿ ಓದಿ ಆ ವಿಧಾನದಲ್ಲಿ ಅವಳಷ್ಟು ಪಂಡಿತರು ಆ ಆಸ್ಪತ್ರೆಯಲ್ಲಿ ಯಾರೂ ಉಳಿದಿರಲಿಲ್ಲ.

ಗಾಲಿಗಳ ಹಿಂದೆ ಇರುವವಳೆಂದು ಗಾಲಿಯಕ್ಕ. ಹೊಸ ನರ್ಸುಗಳು ನಾಲಿಗೆ ಹೊರಳದೆಯೋ ಬೇಕೆಂದೋ "ಗಾಳಿಯಕ್ಕ" ಎನ್ನುತ್ತಿದ್ದರು. ಅದರಲ್ಲೂ ತಪ್ಪಿರಲಿಲ್ಲ, ಕರೆದರೆ ಗಾಳಿಯ ಹಾಗೇ ಬರುತ್ತಿದ್ದಳು. ಅರವತ್ತಮೂರಕ್ಕೆ ಆ ಗಾಳಿ ಬಿದ್ದುಹೋಗಿತ್ತು. ಕಾಲೊಂದೇ ಅಲ್ಲ. ಬೆಳಿಗ್ಗೆ ಎದ್ದಾಗಲೇ ಹಿಂದಿನ ದಿನದ ಸುಸ್ತು ಹಾಸಿಗೆಯ ಪಕ್ಕದಲ್ಲಿ ಕೂತು ಕಾಯುತ್ತಿರುತ್ತಿತ್ತು. ಮಲಗಿದರೆ ಪಾದ ಉರಿಯುತ್ತಿತ್ತು, ಮಂಚದಿಂದ ಕೆಳಗೆ ಇಳಿಬಿಟ್ಟರೆ ಹಾಯೆನಿಸುತ್ತಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರಲ್ಲ, ಅವಳಿಗೆ ಹಾಸಿಗೆಯೇನೋ ಇತ್ತು, ಅದರ ಮೇಲೆ ಇರಲು ಕಾಲಿಗೇ ಇಷ್ಟವಿರಲಿಲ್ಲ.

ಕಾಲು ಅವಳಿಂದ ಮೊದಲು ಕಿತ್ತುಕೊಂಡದ್ದು ನಡಿಗೆಯನ್ನಲ್ಲ, ಜೊತೆಯನ್ನು.

ಹದಿನೆಂಟು ವರ್ಷದಿಂದ ಸಂಜೆ ಡ್ಯೂಟಿ ಮುಗಿದ ಮೇಲೆ ಹಿಂದಿನ ಗೇಟಿನಿಂದ ಬಸ್ ನಿಲ್ದಾಣದವರೆಗೆ ನಾಲ್ಕು ಜನ ಹೆಂಗಸರು ಒಟ್ಟಿಗೆ ನಡೆಯುತ್ತಿದ್ದರು. ಗಾಲಿಯಕ್ಕ, ಅಡುಗೆಮನೆಯ ಇಬ್ಬರು, ಮತ್ತೆ ನೀಲಿ. ನೀಲಿಯೆಂದರೆ ಲಾಂಡ್ರಿಯವಳು. ಯಂತ್ರ ಬರುವ ಮೊದಲು ಬಿಳಿ ಹಾಸುಗಳನ್ನು ನೀಲಿಯಲ್ಲಿ ಅದ್ದುವುದು ಅವಳ ಕೆಲಸವಾಗಿತ್ತು. ನೀಲಿ ಹಾಕುವುದು ನಿಂತು ಎಷ್ಟೋ ವರ್ಷವಾಗಿದ್ದರೂ ಹೆಸರಿನ ಬಣ್ಣ ಬಿಟ್ಟಿರಲಿಲ್ಲ. ಎಂಟು ನಿಮಿಷದ ದಾರಿ. ದಿನದ ಅಷ್ಟೂ ಬೈಗುಳ, ಅಷ್ಟೂ ನಗು, ಯಾವ ಡಾಕ್ಟರಿಗೆ ಯಾವ ನರ್ಸಿನ ಮೇಲೆ ಕಣ್ಣು ಎನ್ನುವ ವರದಿ ಎಲ್ಲವೂ ಆ ಎಂಟು ನಿಮಿಷದಲ್ಲಿ ತೀರಬೇಕು.

ಆ ದಾರಿಯಲ್ಲಿ ಗಾಲಿಯಕ್ಕ ನಾಲ್ಕು ಕಡೆ ನಿಲ್ಲಬೇಕಾಗಿ ಬಂದಾಗ ಒಂದು ಸಂಜೆ ಅಂದಳು, "ನೀವು ಹೋಗ್ತಿರಿ, ಬಂದೆ." ಮರುದಿನವೂ ಅಂದಳು. ವಾರದ ಮೇಲೆ ಅವರೇ ಕಾಯುವುದನ್ನು ಬಿಟ್ಟರು. "ಅವಳಿಗೀಗ ಸೊಕ್ಕು ಕಣ್ರೇ, ಹೊಸ ಕಟ್ಟಡದ ಗಾಳಿ ಬಡಿದಿದೆ," ಎಂದು ಅಡುಗೆಮನೆಯವಳೊಬ್ಬಳು ಅಂದದ್ದು ಇವಳ ಕಿವಿಗೂ ಬಿತ್ತು. ಬಿದ್ದದ್ದನ್ನು ಎತ್ತಿಕೊಳ್ಳಲಿಲ್ಲ. ಸೊಕ್ಕಿನವಳು ಎನ್ನಿಸಿಕೊಂಡರೆ ನಾಳೆಯೂ ಕೆಲಸವಿರುತ್ತದೆ. ಕಾಲಿಲ್ಲದವಳು ಎನ್ನಿಸಿಕೊಂಡರೆ ಇರುವುದಿಲ್ಲ.

ಒಬ್ಬಳೇ ನಡೆಯುವಾಗ ಅಂಗಡಿಗಳ ಗಾಜು ಅವಳ ನೆಪವಾಯಿತು. ಕನ್ನಡಕದ ಅಂಗಡಿ, ಬೀಗದ ಕೈ ಮಾಡಿಕೊಡುವ ಗೂಡು, ಚಪ್ಪಲಿ ಅಂಗಡಿ. ಚಪ್ಪಲಿ ಅಂಗಡಿಯವನು ಒಂದು ದಿನ ಹೊರಗೇ ಬಂದ.

"ಏನಮ್ಮಾ, ಆರು ತಿಂಗಳಿಂದ ನೋಡ್ತಿದ್ದೀನಿ. ದಿನಾ ಬಂದು ನಿಂತ್ಕೊಂಡು ನೋಡ್ತೀರ, ಒಂದು ದಿನಾನೂ ಒಳಗೆ ಕಾಲಿಡಲ್ಲ. ಯಾವುದು ಇಷ್ಟ ಆಯ್ತು, ಹೇಳಿ."

"ಎಲ್ಲಾ ಚೆನ್ನಾಗಿವೆ ಕಣಪ್ಪ. ಅವಕ್ಕೆ ನನ್ನ ಕಾಲು ಇಷ್ಟ ಆಗ್ಬೇಕಲ್ಲ," ಎಂದಳು. ಅವನು ನಕ್ಕ. ಅವಳೂ ನಕ್ಕಳು. ಆ ದಿನ ಅವಳ ಜೊತೆ ನಕ್ಕವನು ಅವನೊಬ್ಬನೇ.

ಮೂರನೆಯ ಮಹಡಿಯಲ್ಲಿ ಅವಳ ಕೋಣೆ. ಮದುವೆಯ ಮಾತು ಯಾವ ಕಾಲಕ್ಕೋ ಬಂದು ಯಾವ ಕಾಲಕ್ಕೋ ಹೋಗಿತ್ತು. ದೂರದಲ್ಲಿದ್ದ ತಂಗಿ ಹದಿನೈದು ದಿನಕ್ಕೊಮ್ಮೆ ಫೋನು ಮಾಡಿ, "ವಯಸ್ಸಾಯ್ತಲ್ಲಕ್ಕಾ, ಸುಸ್ತು ಇದ್ದಿದ್ದೇ," ಎಂದು ತನ್ನ ಮಂಡಿನೋವಿನ ಕಥೆ ತೆಗೆಯುತ್ತಿದ್ದಳು. ರಜೆಯ ದಿನ ಬೆಳಗಿನಿಂದ ಸಂಜೆಯವರೆಗೆ ಗಾಲಿಯಕ್ಕ ಬಾಯಿಯೇ ತೆರೆಯದೆ ಕಳೆಯುವುದಿತ್ತು. ಮರುದಿನ ವಾರ್ಡಿನ ಬಾಗಿಲಲ್ಲಿ ಮೊದಲ ಮಾತು ತುಕ್ಕು ಹಿಡಿದ ಕೀಲಿನ ಹಾಗೆ ಕಿರ್ರೆಂದು ಬರುತ್ತಿತ್ತು. ಆಮೇಲೆ "ಗಾಲಿಯಕ್ಕಾ, ಇಲ್ಲಿ!" "ಗಾಲಿಯಕ್ಕಾ, ಸ್ಕ್ಯಾನಿಗೆ!" ಎಂಬ ಕೂಗುಗಳು. ಕೆಲಸ ಹೋದರೆ ಊಟ ಹೋಗುತ್ತದೆ ಎನ್ನುವುದು ಎಲ್ಲರಿಗೂ ತಿಳಿದ ಭಯ. ಅವಳಿಗೆ ಅದರ ಜೊತೆಗೆ ಇನ್ನೊಂದಿತ್ತು. ಕೆಲಸ ಹೋದರೆ ಲೋಕದಲ್ಲಿ ಅವಳನ್ನು ಅಕ್ಕಾ ಎಂದು ಕೂಗುವ ಬಾಯಿ ಹದಿನೈದು ದಿನಕ್ಕೊಮ್ಮೆ ಬರುವ ಆ ಫೋನಿನದೊಂದೇ ಆಗುತ್ತಿತ್ತು.

ಹಾಗೆಂದು ಅವಳು ಹೇಳಿಯೇ ಇರಲಿಲ್ಲವೆಂದಲ್ಲ. ಎಂಟು ತಿಂಗಳ ಹಿಂದೆ ಕೆಲಸದವರನ್ನು ನೋಡುವ ಚಿಕ್ಕ ಕೋಣೆಗೆ ಹೋಗಿದ್ದಳು. ಅಲ್ಲಿ ಡ್ಯೂಟಿ ಡಾಕ್ಟರು ಮೇಜಿನ ಮೇಲಿನ ಕಾಗದದಿಂದ ಕಣ್ಣೆತ್ತಿರಲಿಲ್ಲ.

"ಏನಾಗತ್ತೆ?"

"ನರ ಹಿಡ್ಕೊಳ್ಳತ್ತೆ ಸಾರ್. ನಡೆದ್ರೆ. ಆಮೇಲೆ ಸುಸ್ತು."

"ನರಾನಾ? ಜುಮ್ಮನ್ನತ್ತಾ?"

"ಒಂದೊಂದ್ಸಲ ಅನ್ನತ್ತೆ ಸಾರ್."

"ವಯಸ್ಸಲ್ವಾ? ನರ ದುರ್ಬಲ ಆಗಿವೆ. ಇದನ್ನ ತಗೊಳ್ಳಿ."

ಕೆಂಪು ಗುಳಿಗೆಗಳ ಚೀಟಿ ಕೈಗೆ ಬಂತು. ಕಾಲು ಮುಟ್ಟಿ ನೋಡಲಿಲ್ಲ. ಮೇಜಿನ ಕೆಳಗೇ ಇತ್ತು ಕಾಲು, ಅವರ ಬೂಟಿನಿಂದ ಒಂದು ಗೇಣು ದೂರದಲ್ಲಿ.

ಅವಳು ಹೇಳಿದ್ದು ಸುಳ್ಳಲ್ಲ. ಅವಳ ತಾಯಿಯ ಬಾಯಲ್ಲಿ ಕೈಮೇಲೆ ಕಾಣುವ ಹಸಿರು ಗೆರೆಯೂ ನರ, ಸಿಟ್ಟಿಗೆ ಕತ್ತಿನಲ್ಲಿ ಉಬ್ಬುವುದೂ ನರ, ಮೊಣಕೈ ತಗುಲಿದರೆ ಝುಮ್ಮೆನ್ನುವುದೂ ನರ. ರಕ್ತ ಹರಿಯುವುದೂ ನರದಲ್ಲೇ, ನೋವು ಹರಿಯುವುದೂ ನರದಲ್ಲೇ. ಇನ್ನೊಂದು ಪದ ಅವಳಿಗೆ ಯಾರೂ ಕೊಟ್ಟಿರಲಿಲ್ಲ. ಡಾಕ್ಟರಿಗೆ ಎರಡು ಪದಗಳು ಗೊತ್ತಿದ್ದವು, ಯಾವುದೆಂದು ಕೇಳುವ ಪುರುಸೊತ್ತು ಇರಲಿಲ್ಲ. ಎಂಟು ತಿಂಗಳು ಅವಳು ತಪ್ಪದೆ ಕೆಂಪು ಗುಳಿಗೆ ನುಂಗಿದಳು. ಗುಳಿಗೆಗೆ ಅವಳ ಕಾಲಿನ ವಿಳಾಸವೇ ಗೊತ್ತಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಗುತ್ತಿಗೆಯವರ ಸೂಪರ್‌ವೈಸರ್ ಹಾಜರಿ ಹಾಕುವಲ್ಲಿ ಎಲ್ಲರನ್ನೂ ನಿಲ್ಲಿಸಿ ಹೇಳಿದ, "ಮುಂದಿನ ಗುರುವಾರ ನಡಿಗೆ ಪರೀಕ್ಷೆ. ಅರವತ್ತು ದಾಟಿದೋರಿಗೆ. ಖಾಲಿ ಸ್ಟ್ರೆಚರ್ ತಳ್ಕೊಂಡು ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಹೋಗಿ ವಾಪಸ್ ಬರಬೇಕು. ಮಧ್ಯ ಎಲ್ಲೂ ನಿಲ್ಲೋ ಹಾಗಿಲ್ಲ. ಪಾಸಾದೋರಿಗೆ ಇನ್ನೊಂದು ವರ್ಷ."

ಲಿಫ್ಟ್ ನಡೆಸುವ ಮುದುಕ ಕೈಯೆತ್ತಿದ. "ಸ್ವಾಮಿ, ನಾನು ಸ್ಟೂಲ್ ಮೇಲೆ ಕೂತು ಗುಂಡಿ ಒತ್ತೋನು. ನನಗ್ಯಾಕೆ ನಡಿಗೆ ಪರೀಕ್ಷೆ? ಬೇಕಿದ್ರೆ ಒತ್ತೋ ಪರೀಕ್ಷೆ ಇಡಿ."

ಎಲ್ಲರೂ ನಕ್ಕರು. ಗಾಲಿಯಕ್ಕ ಕೇಳಿದಳು, "ಮಧ್ಯ ನಿಂತ್ರೆ?"

"ನಿಂತ್ರೆ ಏನಿಲ್ಲಮ್ಮ. ಶುಕ್ರವಾರದಿಂದ ಮನೇಲೇ ನಿಂತ್ಕೋಬಹುದು," ಎಂದ ಸೂಪರ್‌ವೈಸರ್. ತನ್ನ ಮಾತನ್ನು ತಾನೇ ಮೆಚ್ಚಿಕೊಂಡ.

ಮೂವತ್ತೆಂಟು ಕಿಟಕಿ. ಅವಳ ಹತ್ತಿರ ಐದಿದ್ದವು.

ಮಂಗಳವಾರ ಅವಳು ಒಬ್ಬ ಮೇಷ್ಟ್ರನ್ನು ಸ್ಕ್ಯಾನ್ ಕೋಣೆಗೆ ಕರೆದೊಯ್ದಳು. ಪಾಠ ಹೇಳುವುದನ್ನು ಬಿಟ್ಟು ಹತ್ತು ವರ್ಷವಾಗಿದ್ದರೂ ವೀಲ್‌ಚೇರಿನಲ್ಲಿ ಕೂತೇ ದಾರಿಯುದ್ದಕ್ಕೂ ಬೋರ್ಡುಗಳ ಕಾಗುಣಿತ ತಿದ್ದುತ್ತಿದ್ದ ಮನುಷ್ಯ. ಸ್ಕ್ಯಾನ್ ಮಾಡುವ ಹೆಂಗಸನ್ನು ಕೆಲಸದವರೆಲ್ಲ ಫೋಟೋ ಮೇಡಂ ಎನ್ನುತ್ತಿದ್ದರು. ಸಾಮಾನ್ಯವಾಗಿ ಗಾಲಿಯಕ್ಕ ಬಾಗಿಲ ಹೊರಗೆ ಕಾಯುತ್ತಿದ್ದಳು. ಅವತ್ತು ಮೇಷ್ಟ್ರು ಮಂಚಕ್ಕೆ ಹತ್ತಲು ಭುಜ ಕೊಟ್ಟವಳು ಒಳಗೇ ಉಳಿದಳು.

ಫೋಟೋ ಮೇಡಂ ಮೇಷ್ಟ್ರ ಪಾದದ ಮೇಲೆ ಪೆನ್ನಿನಂಥದ್ದನ್ನು ಇಟ್ಟಳು. ಅದಕ್ಕೆ ತಂತಿಯಿಂದ ಸೇರಿಸಿದ್ದ ಪೆಟ್ಟಿಗೆಯಿಂದ ರಕ್ತ ಹರಿಯುವ ಸದ್ದು ಉಸಿರಿನ ಹಾಗೆ ಬಂತು. ಶ್... ಶ್... ಶ್...

"ನಡೆದ್ರೆ ಮೀನಖಂಡ ಹಿಡ್ಕೊಳ್ಳತ್ತೆ, ನಿಂತ್ರೆ ಬಿಡತ್ತೆ. ಅಲ್ವಾ ಸಾರ್?" ಎಂದು ಕೇಳಿದಳು.

"ಹೌದಮ್ಮ."

"ಎಷ್ಟು ದೂರ ನಡೆದ್ರೆ ಬರುತ್ತೆ ಅಂತ ನಿಮಗೆ ಗೊತ್ತಿರತ್ತೆ. ದಿನಾ ಅದೇ ಜಾಗ."

"ಅಂಚೆ ಡಬ್ಬಿಯ ಹತ್ತಿರ."

"ಮಲಗಿದಾಗ ಕಾಲು ಇಳಿಬಿಡ್ಬೇಕು ಅನ್ಸತ್ತೆ. ಎದ್ದಾಗಲಿಂದ ಸುಸ್ತು."

ಗೋಡೆಗೆ ಒರಗಿ ನಿಂತಿದ್ದ ಗಾಲಿಯಕ್ಕನಿಗೆ ತನ್ನ ಮನೆಯ ಪೆಟ್ಟಿಗೆಯನ್ನು ಯಾರೋ ಬೇರೆಯವರ ಮುಂದೆ ಬಿಚ್ಚಿ ಒಂದೊಂದೇ ಬಟ್ಟೆ ಎತ್ತಿ ತೋರಿಸುತ್ತಿರುವ ಹಾಗಿತ್ತು.

"ಅದು ನರ ಅಲ್ವಾ ಮೇಡಂ?" ಬಾಯಿ ತಾನಾಗಿ ತೆರೆದಿತ್ತು.

"ಏನು?"

"ನಡೆದ್ರೆ ಹಿಡ್ಕೊಳ್ಳೋದು. ಅದು ನರದ್ದಲ್ವಾ?"

"ನರ ಅಲ್ಲ ಗಾಲಿಯಕ್ಕ. ರಕ್ತನಾಳ. ಕಾಲಿಗೆ ರಕ್ತ ತರೋ ನಾಳದ ಒಳಗೆ ಕಿಲುಬು ಕಟ್ಟಿ ಸಣ್ಣ ಆಗಿರತ್ತೆ. ಸುಮ್ನೆ ಕೂತಾಗ ಸಾಕಾಗೋ ರಕ್ತ ನಡೆಯೋವಾಗ ಸಾಲಲ್ಲ. ಜನ ಎಲ್ಲದಕ್ಕೂ ನರ ಅಂದುಬಿಡ್ತಾರೆ."

ಮೇಷ್ಟ್ರು ಮಲಗಿದ್ದಲ್ಲಿಂದಲೇ ಬೆರಳೆತ್ತಿದರು. "ಜನರ ತಪ್ಪಲ್ಲಮ್ಮ ಅದು. ಪದ ಒಂದೇ ಇದ್ದಾಗ ಕೇಳುವವನು ಎರಡು ಸಲ ಕೇಳಬೇಕು."

ಮೇಷ್ಟ್ರನ್ನು ವಾರ್ಡಿಗೆ ಬಿಟ್ಟು ಅವಳು ಸ್ಕ್ಯಾನ್ ಕೋಣೆಗೆ ಮರಳಿದಳು. ಬಾಗಿಲಲ್ಲಿ ನಿಂತಳು. ಏನು ಹೇಳಬೇಕೆಂದು ದಾರಿಯಲ್ಲಿ ಹೊಂದಿಸಿಕೊಂಡ ಮಾತೆಲ್ಲ ಮರೆತುಹೋಗಿ, "ಮೇಡಂ, ನಂದು ಆರನೇ ಕಿಟಕಿ," ಎಂದಳು.

ಫೋಟೋ ಮೇಡಂ ಅವಳ ಕಾಲು ನೋಡಿದಳು. ಆಮೇಲೆ ಬಾಗಿಲು ಹಾಕಿಕೊಂಡು, "ಮಲಗಿ," ಎಂದಳು.

ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಸಾವಿರ ಜನರನ್ನು ಆ ಮಂಚಕ್ಕೆ ಹತ್ತಿಸಿದ್ದಳೋ. ತಾನು ಹತ್ತಿದ್ದು ಅದೇ ಮೊದಲು. ತೋಳಿಗೆ ಬಿಪಿ ಪಟ್ಟಿ ಸುತ್ತಿ ಒಮ್ಮೆ, ಕಾಲಿನ ಗಂಟಿಗೆ ಸುತ್ತಿ ಒಮ್ಮೆ ನೋಡಿದಳು ಮೇಡಂ. ಬಲಗಾಲಿನಲ್ಲಿ ಪೆಟ್ಟಿಗೆ ಉಸಿರಾಡಿತು. ಎಡಗಾಲಿನಲ್ಲಿ ಪೆನ್ನು ಅತ್ತಿತ್ತ ಹುಡುಕಿತು. ಬಹಳ ಹೊತ್ತಿನ ಮೇಲೆ ಎಲ್ಲೋ ದೂರದಲ್ಲಿ ಯಾರೋ ಕಸ ಗುಡಿಸಿದಷ್ಟು ಸದ್ದು.

"ಕೈಯಲ್ಲಿ ನೂರೈವತ್ತು. ಈ ಪಾದದಲ್ಲಿ ಅರವತ್ತು," ಎಂದಳು ಮೇಡಂ. "ಹೆಬ್ಬೆರಳಿಗೆ ಏನಾಗಿದೆ?"

"ಸ್ಟ್ರೆಚರ್ ಗಾಲಿ ತಗುಲ್ತು."

"ಯಾವಾಗ?"

"ಒಂದು ತಿಂಗಳಾಯ್ತು."

"ಒಂದು ತಿಂಗಳಾದ್ರೂ ಮಾಯದೆ ಕಪ್ಪಾಗ್ತಿದೆ. ರಕ್ತ ಬರದೆ ಗಾಯ ಹೇಗೆ ಮಾಯತ್ತೆ? ಹೊಗೆಸೊಪ್ಪು ಹಾಕ್ತೀರಾ?"

"ಎರಡು ಡ್ಯೂಟಿ ಒಟ್ಟಿಗೆ ಬಿದ್ದಾಗ. ಹಸಿವು ಗೊತ್ತಾಗಬಾರದು ಅಂತ."

"ಇವತ್ತಿಂದ ಬಿಡಿ. ಸಕ್ಕರೆ ನೋಡಿಸ್ಬೇಕು. ಕಾಲಲ್ಲಿ ಕಟ್ಟಿದ್ರೆ ಎದೇಲೂ ಕಟ್ಟಿರಬಹುದು, ಸುಸ್ತು ಸುಮ್ನೆ ಬರಲ್ಲ. ಬರೆದು ಕೊಡ್ತೀನಿ, ಇವತ್ತೇ ರಕ್ತನಾಳದ ಡಾಕ್ಟರ ಹತ್ರ ಹೋಗಿ. ತಡ ಮಾಡಿದ್ರೆ ಬೆರಳಲ್ಲಿ ಮುಗಿಯೋದು ಕಾಲಿಗೆ ಬರತ್ತೆ."

"ಶುಕ್ರವಾರ ಹೋಗ್ಲಾ ಮೇಡಂ?"

"ಯಾಕೆ ಶುಕ್ರವಾರ?"

ಗಾಲಿಯಕ್ಕ ಕಾಗದ ಮಡಚಿ ರವಿಕೆಯೊಳಗೆ ಇಟ್ಟುಕೊಂಡಳು. ತೋರಿಸಿದರೆ ಕೆಲಸ ಹೋಗುತ್ತದೆ, ತೋರಿಸದಿದ್ದರೆ ಕಾಲು. ಬಡವರ ಮುಂದೆ ಯಾವಾಗಲೂ ಎರಡು ಬಾಗಿಲು ತೆರೆದಿಟ್ಟಿರುತ್ತಾರೆ, ಆಯ್ಕೆ ನಿಮ್ಮದೇ ಎನ್ನುತ್ತಾರೆ. ಎರಡೂ ಬಾಗಿಲು ಹೊರಗೇ ಹೋಗುತ್ತವೆ ಎನ್ನುವುದನ್ನು ಮಾತ್ರ ಹೇಳುವುದಿಲ್ಲ.

ಬುಧವಾರ ಮಧ್ಯಾಹ್ನ ಆರನೆಯ ಕಿಟಕಿಯ ಹತ್ತಿರ ಅವಳು ಕೈ ತೊಳೆಯುವ ವಿಧಾನ ಓದುತ್ತಿದ್ದಾಗ ಹಿಂದಿನಿಂದ ನೀಲಿಯ ಧ್ವನಿ ಬಂತು. ಲಾಂಡ್ರಿಯ ದಾರಿ ಕಾರಿಡಾರಿಗೆ ಸೇರುವುದು ಅಲ್ಲೇ.

"ಏನು ದೊಡ್ಡಮನುಷ್ಯರು? ಕೈ ತೊಳೆಯೋದನ್ನ ಇನ್ನೂ ಕಲೀತಿದ್ದೀರಾ?"

ಗಾಲಿಯಕ್ಕ ತಿರುಗಿದಳು. ಮುಖದಲ್ಲಿ ನೋವು ಇನ್ನೂ ಇಳಿದಿರಲಿಲ್ಲ. ನೀಲಿಯ ನಗು ಅರ್ಧಕ್ಕೇ ನಿಂತಿತು. "ಏನಾಗಿದೆಯೇ ನಿನಗೆ?"

ವರ್ಷದಿಂದ ಒಳಗಿಟ್ಟದ್ದು ಒಂದೇ ಉಸಿರಿಗೆ ಹೊರಬಂತು. ಕಿಟಕಿ, ಗುಳಿಗೆ, ಕಪ್ಪು ಬೆರಳು, ಮಡಚಿದ ಕಾಗದ. ನೀಲಿ ಬಟ್ಟೆಯ ಗಾಡಿಗೆ ಕೈಯೂರಿ ಕೇಳಿದಳು.

"ಒಂದು ವರ್ಷ! ನಾವು ನಿನಗೆ ಸೊಕ್ಕು ಬಂದಿದೆ ಅಂದ್ಕೊಂಡಿದ್ವಿ ಕಣೇ."

"ಗೊತ್ತು."

"ಗೊತ್ತಿದ್ದೂ ಬಾಯಿಬಿಡಲಿಲ್ವಾ? ಕಾಲಿಗೆ ರಕ್ತ ಇಲ್ಲ ಸರಿ, ನಾಲಿಗೆಗೂ ಇರಲಿಲ್ವಾ?"

"ಸೊಕ್ಕಿನೋಳು ಅಂದ್ರೆ ತಡ್ಕೋಬಹುದು ನೀಲಿ. ಅಯ್ಯೋ ಪಾಪ ಅಂದ್ರೆ ತಡ್ಕೊಳ್ಳೋಕಾಗಲ್ಲ."

ನೀಲಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಾನ್ಯಾಕೆ ಪಾಪ ಅನ್ನಲಿ? ಅನ್ನೋದಾದ್ರೆ ಕತ್ತೆ ಅಂತೀನಿ." ಆಮೇಲೆ ಕಾರಿಡಾರನ್ನು ಉದ್ದಕ್ಕೂ ನೋಡಿ ಧ್ವನಿ ತಗ್ಗಿಸಿದಳು. "ಎಲ್ಲೆಲ್ಲಿ ನಿಲ್ಬೇಕು ನಿನಗೆ? ಆರಕ್ಕೆ ಒಂದು ಅಂದ್ರೆ, ಆರು, ಹನ್ನೆರಡು, ಹದಿನೆಂಟು. ಬರೋವಾಗ ಮತ್ತೆ ಮೂರು. ನಾಳೆ ನನ್ನ ಗಾಡಿ ಚಕ್ರ ಎಲ್ಲೆಲ್ಲಿ ಸಿಕ್ಕಿಹಾಕ್ಕೊಳ್ಳತ್ತೋ ಯಾರಿಗೆ ಗೊತ್ತು? ನಿಲ್ಲಬಾರದು ಅಂತ ತಾನೆ ಅವನು ಹೇಳಿರೋದು? ದಾರಿ ಕಟ್ಟಿಹೋದ್ರೆ ಯಾರೇನು ಮಾಡೋಕಾಗತ್ತೆ?"

"ಬೇಡ ಕಣೇ. ನಿನಗೂ ತೊಂದರೆ."

"ಒಳಗಿನ ದಾರಿ ಕಟ್ಟಿದೆ ಅಂದ್ಯಲ್ಲ. ಹೊರಗಿಂದು ನಾನು ಕಟ್ತೀನಿ. ಪರೀಕ್ಷೆ ಪಾಸಾಗು, ಶುಕ್ರವಾರ ಡಾಕ್ಟರ ಹತ್ರ ನಾನೇ ಎಳ್ಕೊಂಡು ಹೋಗ್ತೀನಿ."

ಅವತ್ತು ಸಂಜೆ ಇಬ್ಬರೂ ಜೊತೆಗೆ ನಡೆದರು. ನಾಲ್ಕು ಕಡೆ ನಿಂತರು. ಎಂಟು ನಿಮಿಷದ ದಾರಿಗೆ ಇಪ್ಪತ್ತು ನಿಮಿಷ ಹಿಡಿಯಿತು. ನೀಲಿಯ ಬಸ್ಸು ತಪ್ಪಿತು.

ಗುರುವಾರ ಕಾರಿಡಾರಿನ ಬಾಯಲ್ಲಿ ಸೂಪರ್‌ವೈಸರ್ ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿ ಹಿಡಿದು ನಿಂತಿದ್ದ. ಜೊತೆಗೆ ಫಾರಂ ಹಿಡಿದ ಗುಮಾಸ್ತ. ಲಿಫ್ಟಿನ ಮುದುಕ ಹೋಗಿ ಬಂದು ಏದುಸಿರು ಬಿಡುತ್ತ ಬೆಂಚಿನ ಮೇಲೆ ಕೂತಿದ್ದ. ಗಾಲಿಯಕ್ಕನ ಸರದಿ ಬಂತು. ಹೊರಟಳು. ಒಂದು, ಎರಡು, ಮೂರು. ಸೂಪರ್‌ವೈಸರ್ ಪಕ್ಕದಲ್ಲೇ ಹೆಜ್ಜೆ ಹಾಕಿದ, ಹಿಂದೆ ಗುಮಾಸ್ತ. ನಾಲ್ಕು, ಐದು. ಮೀನಖಂಡದೊಳಗೆ ಹಿಂಡುವ ಕೈ ಬಂದು ಕೂತಿತು. ಆರು. ಸರಿಯಾಗಿ ಅಲ್ಲಿಗೆ ಲಾಂಡ್ರಿಯ ದಾರಿಯಿಂದ ಗುಡ್ಡದಷ್ಟು ಬಟ್ಟೆಯ ಗಾಡಿ ಬಂದು ಅಡ್ಡಲಾಗಿ ನಿಂತಿತು.

"ಅಯ್ಯೋ, ಚಕ್ರ ಸಿಕ್ಕಿಹಾಕ್ಕೊಂಡ್ತು!" ಎಂದಳು ನೀಲಿ. ಬಗ್ಗಿ ನೋಡಿದಳು, ಎದ್ದಳು, ಮತ್ತೆ ಬಗ್ಗಿದಳು. ಎರಡು ನಿಮಿಷ. ನೋವು ಇಳಿಯಿತು. ಗಾಡಿಯೂ ಸರಿಹೋಯಿತು.

ಹನ್ನೆರಡನೆಯ ಕಿಟಕಿಗೆ ನೀಲಿ ಅವರಿಗಿಂತ ಮುಂದೆ ಓಡಿಬಂದಿದ್ದಳು. ಈ ಸಲ ಹಾಸುಗಳ ಗಂಟು ಬಿಚ್ಚಿ ಕಾರಿಡಾರಿನ ಅಗಲಕ್ಕೂ ಹರಡಿಹೋಯಿತು. "ದಾಟಬೇಡಿ, ತುಳೀಬೇಡಿ, ಆಪರೇಷನ್ ಕೋಣೆಗೆ ಹೋಗೋ ಬಟ್ಟೆ!" ಎಂದು ಕೈ ಅಡ್ಡಹಿಡಿದಳು.

ಸೂಪರ್‌ವೈಸರ್ ದಡ್ಡನಲ್ಲ. ಬಟ್ಟೆ ನೋಡಿದ, ನೀಲಿಯನ್ನು ನೋಡಿದ, ಸ್ಟ್ರೆಚರಿನ ಹಿಡಿ ಗಟ್ಟಿಯಾಗಿ ಹಿಡಿದು ಕಣ್ಣುಮುಚ್ಚಿದ್ದವಳನ್ನು ನೋಡಿದ.

"ಓಹೋ. ನಾಟಕ. ನಿನ್ನ ಹೆಸರೂ ಬರ್ಕೊಳ್ತೀನಿ. ನಾಳೆಯಿಂದ ನೀನೂ ಬರಬೇಡ."

"ಬಟ್ಟೆ ಬಿದ್ರೆ ನಾನೇನು ಮಾಡ್ಲಿ ಸಾರ್?"

"ಬರ್ಕೊಳ್ಳಿ ಇವಳದ್ದು," ಎಂದ ಗುಮಾಸ್ತನಿಗೆ.

ಗಾಲಿಯಕ್ಕ ಕಣ್ಣು ತೆರೆದಳು. ನೀಲಿಗೆ ಇನ್ನೂ ಒಂಬತ್ತು ವರ್ಷದ ಕೆಲಸವಿತ್ತು, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯಿದ್ದಳು. ನೋವು ಇಳಿಯಲು ಇನ್ನು ಅರ್ಧ ನಿಮಿಷ ಸಾಕಿತ್ತು. ಆ ಅರ್ಧ ನಿಮಿಷ ಸುಮ್ಮನಿದ್ದಿದ್ದರೆ ಅವಳು ಇನ್ನೂ ಆರು ಕಿಟಕಿ ದಾಟುತ್ತಿದ್ದಳು.

"ಅವಳನ್ನ ಬಿಡಿ," ಎಂದಳು. "ಅವಳು ನಿಲ್ಲಿಸಿದ್ದಲ್ಲ. ನಾನೇ ನಿಂತಿದ್ದು. ಆರನೇ ಕಿಟಕೀಲೂ ನಾನೇ ನಿಂತಿದ್ದು. ನನಗೆ ನಡೆಯೋಕಾಗಲ್ಲ."

ಕಾರಿಡಾರಿನಲ್ಲಿ ಹೋಗುತ್ತಿದ್ದವರು ನಿಂತರು. ನೀಲಿ ಕೈಯಲ್ಲಿದ್ದ ಹಾಸನ್ನು ಹಾಗೇ ಹಿಡಿದು ನಿಂತಳು. ಸೂಪರ್‌ವೈಸರ್ ಗುಮಾಸ್ತನ ಕಡೆ ತಲೆಯಾಡಿಸಿದ. ಗುಮಾಸ್ತ ಅವಳ ಫೈಲಿನಲ್ಲಿದ್ದ ಡಾಕ್ಟರ ಹಳೆಯ ಚೀಟಿಯ ಪ್ರತಿ ನೋಡಿಕೊಂಡು ಫಾರಂ ತುಂಬಿಸಿದ. ವಾರ್ಡಿನ ಬೋರ್ಡುಗಳಿಂದ ಅಕ್ಷರ ಕಲಿತಿದ್ದ ಗಾಲಿಯಕ್ಕ ಬಗ್ಗಿ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. "ನಡೆಯಲು ಅಶಕ್ತಳು. ನರ ದೌರ್ಬಲ್ಯ."

"ಇದು ತಪ್ಪು," ಎಂದಳು. ರವಿಕೆಯೊಳಗಿನ ಕಾಗದ ತೆಗೆದು ಸ್ಟ್ರೆಚರಿನ ಮೇಲೆ ಬಿಡಿಸಿಟ್ಟಳು. "ನರ ಅಲ್ಲ. ರಕ್ತನಾಳ ಕಟ್ಟಿದೆ."

"ಎರಡೂ ಒಂದೇ ಅಲ್ವೇನಮ್ಮಾ?" ಎಂದ ಗುಮಾಸ್ತ.

"ಒಂದೇ ಆಗಿದ್ರೆ ಎಂಟು ತಿಂಗಳು ಗುಳಿಗೆ ನುಂಗಿದ್ದಕ್ಕೆ ವಾಸಿ ಆಗಿರ್ತಿತ್ತು. ಹೊಡೆದು ಹಾಕಿ. ರಕ್ತನಾಳ ಅಂತ ಬರೀರಿ. ಎಂಟು ತಿಂಗಳ ಹಿಂದೆ ಬಂದು ಹೇಳಿದ್ಲು, ಯಾರೂ ಕಾಲು ಮುಟ್ಟಿ ನೋಡಲಿಲ್ಲ ಅಂತಾನೂ ಬರೀರಿ."

"ಇಲ್ಲಿ ಅಷ್ಟು ಜಾಗ ಇಲ್ಲಮ್ಮ."

"ಹಿಂದೆ ಬರೀರಿ. ಹಿಂದೆ ಖಾಲಿ ಇದೆ."

ಗುಮಾಸ್ತ ಸೂಪರ್‌ವೈಸರನ ಮುಖ ನೋಡಿದ. ಸೂಪರ್‌ವೈಸರ್ ಗಡಿಯಾರವನ್ನು ಕೈಗೆ ಕಟ್ಟಿಕೊಳ್ಳುತ್ತಿದ್ದ. ಸುತ್ತ ಜನ ಸೇರಿದ್ದರು, ವಾರ್ಡಿನಿಂದ ಬಂದವರು, ಹೋಗುವವರು. ಗುಮಾಸ್ತ ಫಾರಂ ತಿರುಗಿಸಿ ಬರೆದ. ಅವಳು ಪೂರ್ತಿ ಓದಿ, ಒಂದು ಕಡೆ ಬೆರಳಿಟ್ಟು "ಇದಕ್ಕೆ ದೀರ್ಘ ಬೇಕಲ್ವಾ?" ಎಂದು ತಿದ್ದಿಸಿ, ಕೆಳಗೆ ಸಹಿ ಹಾಕಿದಳು.

ರಕ್ತನಾಳದ ಡಾಕ್ಟರು ಅದೇ ವಾರ ತೊಡೆಸಂದಿನಲ್ಲಿ ಸಣ್ಣ ತೂತು ಮಾಡಿ, ನಾಳದೊಳಗೆ ಬಲೂನು ಕಳಿಸಿ ದಾರಿ ಅಗಲ ಮಾಡಿದರು. ಕಾಲು ಉಳಿಯಿತು. ಹೆಬ್ಬೆರಳಿನ ತುದಿ ಉಳಿಯಲಿಲ್ಲ. "ಆರು ತಿಂಗಳು ಮೊದಲು ಬಂದಿದ್ರೆ," ಎಂದು ಅವರು ಶುರುಮಾಡಿದಾಗ ಅವಳು, "ಬಂದಿದ್ದೆ," ಎಂದಳು.

ನೀಲಿಯ ಕೆಲಸ ಹೋಗಲಿಲ್ಲ, ಡ್ಯೂಟಿ ಬದಲಾಯಿತು. ಇವಳು ಏಳುವ ಹೊತ್ತಿಗೆ ಅವಳು ಮಲಗುತ್ತಿದ್ದಳು. ವಾರ್ಡಿಗೆ ಎರಡು ಸಲ ಬಂದಳು, ಆಮೇಲೆ ಅತ್ತೆಯ ಕಾಯಿಲೆ ಜೋರಾಯಿತು. ತಂಗಿ ಫೋನಿನಲ್ಲಿ, "ಒಂದು ಮಾತು ಹೇಳಬಾರದಿತ್ತಾ ಅಕ್ಕಾ?" ಎಂದು ಅತ್ತಳು. ಗುತ್ತಿಗೆಯವರು ತೆಗೆದಿದ್ದೇವೆ ಎಂದೂ ಹೇಳಲಿಲ್ಲ, ಬನ್ನಿ ಎಂದೂ ಹೇಳಲಿಲ್ಲ. ಅಡ್ಡಗೋಡೆಯ ಮೇಲೆ ದೀಪವಿಟ್ಟು ಹೊರಟುಹೋದರು. ಹೊಗೆಸೊಪ್ಪು ಬಿಟ್ಟಳು. ದಿನಗಳು ಉದ್ದವಾದವು.

ಔಷಧಿ ಎಂದು ಡಾಕ್ಟರು ಬರೆದುಕೊಟ್ಟದ್ದರಲ್ಲಿ ನಾಲ್ಕು ಗುಳಿಗೆಗಳ ಕೆಳಗೆ ಒಂದು ಸಾಲಿತ್ತು. ದಿನಕ್ಕೆ ಅರ್ಧ ಗಂಟೆ ನಡಿಗೆ. ನೋವು ಬಂದಾಗ ನಿಲ್ಲುವುದು, ಇಳಿದ ಮೇಲೆ ಮತ್ತೆ ನಡೆಯುವುದು. "ನಡಿಗೇನಾ ಡಾಕ್ಟ್ರೇ? ಇಪ್ಪತ್ತೆರಡು ವರ್ಷ ನಡೆದಿದ್ದೀನಲ್ಲ," ಎಂದದ್ದಕ್ಕೆ ಅವರು, "ನಡೆದಿದ್ದೀರಿ, ನಿಂತಿಲ್ಲ. ನಡೀತಾ ನಡೀತಾ ಸಣ್ಣ ಸಣ್ಣ ನಾಳಗಳು ತಾವೇ ಹೊಸ ದಾರಿ ಮಾಡ್ಕೊಳ್ತವೆ. ಅವಕ್ಕೆ ಹೊತ್ತು ಕೊಡಬೇಕು," ಎಂದರು.

ವಾರಕ್ಕೆ ಮೂರು ದಿನ ಆಸ್ಪತ್ರೆಯಲ್ಲೇ ನಡೆಸುತ್ತಿದ್ದರು. ಬೇರೆ ಜಾಗವಿಲ್ಲದೆ ಅದೇ ಕಾರಿಡಾರಿನಲ್ಲಿ. ಮೊದಲ ವಾರ ಗುರುತಿನವರು "ಹೇಗಿದ್ದೀಯಕ್ಕಾ?" ಎನ್ನುತ್ತ ದಾಟಿ ಓಡಿದರು. ನಿಂತು ಮಾತಾಡುವ ಪುರುಸೊತ್ತು ಅವರಿಗೆಲ್ಲಿ? ಎರಡು ತಿಂಗಳಾಗುವಷ್ಟರಲ್ಲಿ ತಲೆಯಾಡಿಸುವುದೂ ಕಡಿಮೆಯಾಯಿತು. ನರ್ಸುಗಳು ಬದಲಾದರು. ಅವಳು ಕೈಯಲ್ಲಿ ರೋಗಿಯ ಕಾರ್ಡು ಹಿಡಿದು, ಗೋಡೆಯ ಬದಿಗೆ, ಒಬ್ಬಳೇ ನಡೆಯುತ್ತಿದ್ದಳು.

ಒಂದು ಬೆಳಿಗ್ಗೆ ಒಂಬತ್ತನೆಯ ಕಿಟಕಿ ದಾಟಿದಾಗ ಮೀನಖಂಡ ಹಿಡಿಯಿತು. ನಿಂತಳು. ಯಾವ ಕಾಗದವನ್ನೂ ಓದಲಿಲ್ಲ, ಯಾವ ಪಟ್ಟಿಯನ್ನೂ ಸರಿಮಾಡಲಿಲ್ಲ. ಎದುರಿನಿಂದ ಸ್ಟ್ರೆಚರ್ ತಳ್ಳಿಕೊಂಡು ಹೊಸಬಳೊಬ್ಬಳು ಬಂದಳು. ಐವತ್ತರ ಆಸುಪಾಸಿನವಳು, ಬೆವರಿದ್ದಳು. ಆ ಜಾಗದಲ್ಲಿ ಆಮ್ಲಜನಕದ ಸಿಲಿಂಡರುಗಳನ್ನು ಇಟ್ಟು ದಾರಿ ಕಿರಿದಾಗಿತ್ತು.

"ಅಜ್ಜೀ, ಸ್ವಲ್ಪ ಪಕ್ಕಕ್ಕೆ ಸರೀರಿ."

ಅಜ್ಜಿ ಎಂದದ್ದು ಯಾರಿಗೆಂದು ತಿಳಿಯಲು ಗಾಲಿಯಕ್ಕನಿಗೆ ಒಂದು ಗಳಿಗೆ ಬೇಕಾಯಿತು.

"ಎರಡು ನಿಮಿಷ ತಡಿಯಮ್ಮ," ಎಂದಳು. "ನಂದು ನಿಲ್ಲೋ ಹೊತ್ತು ಇದು. ಡಾಕ್ಟ್ರು ಬರೆದು ಕೊಟ್ಟಿದ್ದಾರೆ."

ಹೊಸಬಳು ಹಿಂದೆ ತಿರುಗಿ ನೋಡಿದಳು. ಸೂಪರ್‌ವೈಸರ್ ಕಾಣಲಿಲ್ಲ. ಸ್ಟ್ರೆಚರಿನ ಮೇಲಿದ್ದ ರೋಗಿ ನಿದ್ದೆಯಲ್ಲಿದ್ದ. ಅವಳು ಹಿಡಿಯ ಮೇಲೆ ಎರಡೂ ಮೊಣಕೈ ಊರಿ, ಒಂದು ಕಾಲನ್ನು ಚಪ್ಪಲಿಯಿಂದ ಹೊರಗೆ ತೆಗೆದು ಇನ್ನೊಂದು ಕಾಲಿನ ಮೇಲಿಟ್ಟುಕೊಂಡಳು.

ನೋವು ಪೂರ್ತಿ ಇಳಿಯುವವರೆಗೆ ಗಾಲಿಯಕ್ಕ ಅಲ್ಲಿಂದ ಕದಲಲಿಲ್ಲ.